ಹುಳದ ಮನೆಯಲ್ಲಿ ಬರೆದುಕೊಂಡ ಹೇಳಿಕೆ

ಈ ಹುಡುಗಿಯ ಹೆಸರನ್ನು ನಾನು ಹೇಳುವುದಿಲ್ಲ. ಊರಿನ ಹೆಸರನ್ನೂ ಹೇಳುವುದಿಲ್ಲ. ದಿಬ್ಬೂರಹಳ್ಳಿ ಕಡೆ ಅಂದುಕೊಳ್ಳಿ, ಅಷ್ಟು ಸಾಕು. ಕಾನೂನು ಈ ವಿಷಯದಲ್ಲಿ ನನ್ನ ಬಾಯಿ ಕಟ್ಟಿದೆ, ಸರಿಯಾಗಿಯೇ ಕಟ್ಟಿದೆ. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅವಳು ನಾಚಿಕೆಪಡುವಂಥದ್ದೇನೋ ಮಾಡಿದ್ದಾಳೆ ಎಂದು ಹೆಸರು ಮುಚ್ಚಿಡುತ್ತಿಲ್ಲ. ಹಾಗೆ ಅಂದುಕೊಂಡು ಓದಲು ಕೂತವರು ಇಲ್ಲಿಗೇ ನಿಲ್ಲಿಸಿ ಬೇರೆ ಕೆಲಸ ನೋಡಿಕೊಳ್ಳಬಹುದು.

ನಾನು ಸಬ್ ಇನ್ಸ್‌ಪೆಕ್ಟರ್. ಹುಟ್ಟಿದ್ದು ಕಳವಾರದಲ್ಲಿ, ಬೆಟ್ಟ ಹತ್ತಲು ಬೆಂಗಳೂರಿನಿಂದ ಬರುವವರ ಕಾರುಗಳಿಗೆ ದಾರಿ ಹೇಳುತ್ತಾ ಬೆಳೆದವಳು. ನಮ್ಮ ಮನೆಯಲ್ಲಿ ಕೋಸು, ಬೀನ್ಸು ಬೆಳೆಯುತ್ತಿದ್ದರು. ರೇಷ್ಮೆ ಹುಳು ಅಂದರೆ ನನಗೆ ಮೈಯೆಲ್ಲ ಜುಮ್ ಅನ್ನುತ್ತದೆ. ಇಂಥವಳನ್ನು ಶಿಡ್ಲಘಟ್ಟದ ಸೀಮೆಗೆ ವರ್ಗ ಮಾಡಿದರು. ಬಾಯಿ ಜೋರು ಎಂಬ ಹೆಸರು ನನಗಿಂತ ಮೊದಲೇ ಠಾಣೆ ಮುಟ್ಟಿತ್ತು. ಅದು ಸುಳ್ಳೇನಲ್ಲ.

ಒಂದು ಬೆಳಿಗ್ಗೆ ಅಲ್ಲಿನ ಹೈಸ್ಕೂಲಿನ ಗಣಿತದ ಮೇಡಂ ಫೋನ್ ಮಾಡಿದರು. ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಶಾಲೆಗೆ ಬರುತ್ತಿಲ್ಲ. ಮನೆಯವರನ್ನು ಕೇಳಿದರೆ ಹುಷಾರಿಲ್ಲ ಅನ್ನುತ್ತಾರೆ. ಮಕ್ಕಳು ಮಾತ್ರ ಮೂಲೆಯಲ್ಲಿ ಗುಸುಗುಸು ಅನ್ನುತ್ತಿವೆ, ಯಾರೋ ಒಬ್ಬ ಅವಳ ಫೋಟೋ ಇಟ್ಟುಕೊಂಡು ಹೆದರಿಸುತ್ತಿದ್ದಾನಂತೆ. "ನಾನು ಹೇಳ್ದೆ ಅಂತ ಹೇಳ್ಬೇಡಿ ಮೇಡಂ" ಅಂದರು. "ನೀವು ಹೇಳಿದ್ದು ಒಳ್ಳೇದಾಯ್ತು, ಹೇಳ್ದೆ ಇದ್ದಿದ್ರೆ ನಿಮ್ಮನ್ನೇ ಕೇಳ್ತಿದ್ದೆ" ಅಂದೆ. ಇಂಥದ್ದು ಗೊತ್ತಾದ ಮೇಲೆ ಸುಮ್ಮನಿರುವುದೂ ಅಪರಾಧವೇ. ಎಷ್ಟೋ ಜನಕ್ಕೆ ಇದು ಇನ್ನೂ ಗೊತ್ತಿಲ್ಲ.

ಜೀಪು ತೆಗೆದುಕೊಂಡು ಹೋಗಲಿಲ್ಲ. ಜೀಪು ಊರೊಳಗೆ ಹೋದರೆ ಎಂಜಿನ್ ಆರುವ ಮೊದಲೇ ಮನೆಮನೆಗೂ ಕತೆ ಮುಟ್ಟಿರುತ್ತದೆ. ಮಗುವಿನ ಹತ್ತಿರ ಮಾತಾಡಲು ಹೋಗುವಾಗ ಯೂನಿಫಾರ್ಮ್ ಹಾಕಬಾರದು, ಮಗು ಇರುವ ಕಡೆಗೇ ನಾವು ಹೋಗಬೇಕು ಎಂದು ಕಾನೂನೂ ಹೇಳುತ್ತದೆ. ಚೂಡಿದಾರ್ ಹಾಕಿ, ಮಲ್ಲಿಗೆ ಮುಡಿದು ಸ್ಕೂಟರ್ ತೆಗೆದೆ. ಠಾಣೆಯ ರೈಟರ್ ನೋಡಿ ನಕ್ಕ. "ಏನ್ ಮೇಡಂ, ಮದುವೆಗಾ?" "ಹೂಂ, ನಿಂದೇ. ಹುಡುಗಿ ಒಪ್ತಾಳಾ ಕೇಳ್ಕೊಂಡು ಬರ್ತೀನಿ" ಅಂದೆ.

ಮನೆ ಊರಾಚೆ, ಹಿಪ್ಪುನೇರಳೆ ತೋಟದ ಪಕ್ಕ. ಮನೆಗೆ ಅಂಟಿಕೊಂಡಂತೆ ಉದ್ದನೆಯ ಹುಳದ ಮನೆ, ಕಿಟಕಿಗೆಲ್ಲ ಸೊಳ್ಳೆ ಪರದೆ. ಬಾಗಿಲ ಬಳಿ ಹುಡುಗಿಯ ಅಜ್ಜಿ ಕೂತಿದ್ದರು. ನಾನು ಯಾರು ಅಂತ ಹೇಳಿದ ಕೂಡಲೇ ಎದ್ದು ಎರಡೂ ಕೈ ಅಡ್ಡ ಇಟ್ಟರು.

"ಒಳಕ್ಕೆ ಬರಂಗಿಲ್ಲ ಕಣಮ್ಮ. ನಾಲ್ಕನೇ ಜ್ವರ ಎದ್ದೈತೆ."

ಜ್ವರ ಅಂದರೆ ಕಾಯಿಲೆಯಲ್ಲ. ಹುಳು ಮೇಯುವುದು ಬಿಟ್ಟು ಪೊರೆ ಕಳಚುವ ಹೊತ್ತಿಗೆ ಇಲ್ಲಿ ಹಾಗೆನ್ನುತ್ತಾರೆ. ನಾಲ್ಕನೆಯದು ಮುಗಿದು ಎದ್ದಿತೆಂದರೆ ಗೂಡು ಕಟ್ಟುವ ತನಕ ಒಂದೇ ಸಮ ಮೇಯುತ್ತದೆ. ಆ ದಿನಗಳಲ್ಲಿ ಹೊರಗಿನವರ ಕಾಲು ಹುಳದ ಮನೆಯೊಳಗೆ ಬೀಳಕೂಡದು. ರೋಗ ಬರುತ್ತದೆ ಅನ್ನುತ್ತಾರೆ, ದೃಷ್ಟಿ ಆಗುತ್ತದೆ ಅಂತಲೂ ಅನ್ನುತ್ತಾರೆ. ಬೀಗರು ಬಂದರೂ ಅಂಗಳದಲ್ಲೇ ಮಾತಾಡಿಸಿ ಕಳಿಸುತ್ತಾರೆ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

"ನಾನು ಹುಳ ನೋಡಕ್ಕೆ ಬಂದಿಲ್ಲ ಅಜ್ಜಿ. ಮೊಮ್ಮಗಳು ಎಲ್ಲಿ?"

"ಚಿಂತಾಮಣಿಗೆ ಹೋಗವ್ಳೆ. ಅವರತ್ತೆ ಮನೆಗೆ."

ಅಷ್ಟರಲ್ಲಿ ಒಳಗಿಂದ ಒಂದು ಎಳೆ ದನಿ ಬಂತು. "ಅಜ್ಜೀ, ಸೊಪ್ಪು ಸಾಲ್ದು!"

ಅಜ್ಜಿ ಒಂದು ರೆಪ್ಪೆಯನ್ನೂ ಬಡಿಯಲಿಲ್ಲ. "ಅದು ಬೇರೆ ಹುಡುಗಿ" ಅಂದರು.

ನನಗೆ ನಗು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಯಾರೂ ಕಾಲಿಡದ ಜಾಗ ನೋಡಿ ಮಗುವನ್ನು ಬಚ್ಚಿಟ್ಟಿದ್ದರು. ನಾನು ಅಲ್ಲೇ ಹೊಸ್ತಿಲಾಚೆ ನಿಂತು, "ಒಳಗಿರೋ ಬೇರೆ ಹುಡುಗಿನೇ, ನಾನು ಬರಬಹುದೇನಮ್ಮ?" ಅಂತ ಕೂಗಿದೆ. ಆಮೇಲೆ ಪರದೆ ಸರಿಸಿ ಒಂದು ಮುಖ ಇಣುಕಿತು. ತಲೆಗೆ ವೇಲು ಬಿಗಿದು ಕಟ್ಟಿದ್ದಳು, ಕೆನ್ನೆ ಮೇಲೆ ಸೊಪ್ಪಿನ ಚೂರು ಅಂಟಿತ್ತು.

"ಹೂ ತೆಗೀರಿ" ಅಂದಳು.

"ಏನು?"

"ಹೂ ತೆಗೀರಿ. ಪೌಡರ್ ಹಾಕಿದ್ರೆ ಮುಖ ತೊಳ್ಕೊಳ್ಳಿ. ವಾಸನೆ ಹುಳಕ್ಕಾಗಲ್ಲ. ಚಪ್ಪಲಿ ಅಲ್ಲೇ ಬಿಡಿ. ಕಾಲು ಕೈ ಎರಡೂ ಬ್ಲೀಚಿಂಗ್ ನೀರಲ್ಲಿ ತೊಳೀಬೇಕು."

ನನ್ನ ಸರ್ವಿಸ್ಸಿನಲ್ಲಿ ದೊಡ್ಡ ದೊಡ್ಡ ಸಾಹೇಬರು ಆರ್ಡರ್ ಮಾಡಿದ್ದಾರೆ, ನಾನು ಗೊಣಗದೆ ಪಾಲಿಸಿದ್ದು ಕಡಿಮೆ. ಇವಳ ಮಾತಿಗೆ ಮಾತ್ರ ಮಲ್ಲಿಗೆ ತೆಗೆದು ಸ್ಕೂಟರ್ ಹ್ಯಾಂಡಲಿಗೆ ಸುತ್ತಿ, ಮುಖ ತೊಳೆದು, ಕಾಲು ತೊಳೆದು ಒಳಗೆ ಹೋದೆ. ಅಜ್ಜಿಗೆ ತಡೆಯಲು ದಾರಿ ಉಳಿಯಲಿಲ್ಲ. ಹುಳದ ಮನೆಗೆ ಯಾರನ್ನು ಬಿಡಬೇಕು ಎಂದು ತೀರ್ಮಾನ ಮಾಡುವುದು ಆ ಬೆಳೆ ನೋಡಿಕೊಳ್ಳುವವರು, ಈ ಬೆಳೆ ನೋಡಿಕೊಳ್ಳುತ್ತಿದ್ದವಳು ಅವಳು.

ಅಟ್ಟಣಿಗೆಯಂತೆ ಒಂದರ ಮೇಲೊಂದಿದ್ದ ತಟ್ಟುಗಳ ತುಂಬ ಹುಳುಗಳು, ನನ್ನ ಬೆರಳಷ್ಟು ಉದ್ದ. ಅಯ್ಯಯ್ಯಪ್ಪ! ಹಲ್ಲು ಕಚ್ಚಿಕೊಂಡು ಅವಳ ಪಕ್ಕ ನಿಂತು ಸೊಪ್ಪಿನ ಕಡ್ಡಿ ಹರಡಿದೆ. ನಾನು ಬೆರಳ ತುದಿಯಲ್ಲಷ್ಟೇ ಕಡ್ಡಿ ಹಿಡಿದದ್ದನ್ನು ನೋಡಿ, "ಕಚ್ಚಲ್ಲ ಮೇಡಂ" ಅಂದಳು. ಅವಳ ಅಮ್ಮ ಸೊಪ್ಪಿನ ಹೊರೆ ತಂದು ಹಾಕಿ, ನಮ್ಮನ್ನು ನೋಡಿ ಬಾಗಿಲಲ್ಲೇ ಕುಸಿದು ಕೂತರು.

"ನನ್ನನ್ನ ಅರೆಸ್ಟ್ ಮಾಡ್ತೀರಾ?" ಅಂತ ಹುಡುಗಿ ಕೇಳಿದಳು. ಕೈ ಕೆಲಸ ನಿಲ್ಲಿಸದೆ ಕೇಳಿದಳು.

"ನೀನೇನು ಮಾಡಿದೀಯಾ?"

"ಫೋಟೋ ಕಳಿಸಿದೀನಿ."

"ಅರೆಸ್ಟ್ ಮಾಡೋದು ಕೇಳಿದವನನ್ನ, ನಿನ್ನನ್ನಲ್ಲ. ನಿಧಾನಕ್ಕೆ ಹೇಳು. ಹೇಳಬೇಕು ಅನ್ನಿಸಿದಷ್ಟು ಹೇಳು."

ಮುಖ ನೋಡಿ ಮಾತಾಡು ಅಂದಿದ್ದರೆ ಅವಳು ಬಾಯಿ ಬಿಡುತ್ತಿರಲಿಲ್ಲ. ಇಬ್ಬರ ಕಣ್ಣೂ ಹುಳದ ಮೇಲೆ, ಇಬ್ಬರ ಕೈಯಲ್ಲೂ ಸೊಪ್ಪು. ಹಾಗಿದ್ದಾಗ ಮಾತು ತಾನಾಗಿಯೇ ಬಂತು. ಇನ್‌ಸ್ಟಾದಲ್ಲಿ ಒಬ್ಬಳು ಪರಿಚಯ ಆದಳು. ಗೌರಿಬಿದನೂರಿನ ಹೈಸ್ಕೂಲಂತೆ, ಕೊಕ್ಕೋ ಟೀಮಂತೆ. ಇವಳಿಗೂ ಕೊಕ್ಕೋ ಅಂದರೆ ಪ್ರಾಣ. ದಿನಾ ಮಾತು, ಆಟದ ಸುದ್ದಿ, ಅಪ್ಪ ಬೈದದ್ದು, ಅಮ್ಮ ಬೈದದ್ದು. ಆಮೇಲೆ ಆ ಗೆಳತಿ ಒಂದೊಂದೇ ಫೋಟೋ ಕೇಳಿದಳು. ಮೊದಲು ಜರ್ಸಿ ಹಾಕಿದ್ದು. ಕೊನೆಗೆ ಯಾರೂ ಮಗುವಿನ ಹತ್ತಿರ ಕೇಳಬಾರದ್ದು. ಅದು ಸಿಕ್ಕ ಗಳಿಗೆಯಿಂದ ಗೆಳತಿ ಗಂಡಸಾದಳು. ಇನ್ನೂ ಬೇಕು, ಇಲ್ಲದಿದ್ದರೆ ನಿನ್ನ ಶಾಲೆಗೆಲ್ಲ ಕಳಿಸುತ್ತೇನೆ ಎಂದು ಕೂತ.

"ಆಮೇಲೆ ಅಮ್ಮಂಗೆ ಹೇಳ್ಬಿಟ್ಟೆ" ಅಂದಳು.

"ಹೇಳಿದ್ಯಲ್ಲ, ನನ್ ಬಂಗಾರ" ಅಂದೆ. ಅದು ತನಿಖಾಧಿಕಾರಿ ಆಡುವ ಮಾತಲ್ಲ. ಆಡಿದೆ, ಅಷ್ಟೇ.

"ಆ ಫೋನು ಎಲ್ಲೈತೆ?"

ಅವಳು ತಲೆ ತಗ್ಗಿಸಿದಳು. ಉತ್ತರ ಬಂದದ್ದು ಹಿಂದಿನಿಂದ. ತೋಟದಿಂದ ಕುಡುಗೋಲು ಹಿಡಿದೇ ಬಂದಿದ್ದ ಅವಳ ಅಪ್ಪ, "ಬಕೆಟ್ಟಿಗೆ ಹಾಕ್ದೆ" ಅಂದ.

ರೋಗ ಬಂದ ಹುಳು ಕಂಡರೆ ಇವರು ಆರಿಸಿ, ಬ್ಲೀಚಿಂಗ್ ಪುಡಿ ಕಲಸಿದ ಬಕೆಟ್ಟಿಗೆ ಹಾಕುತ್ತಾರೆ. ಒಂದು ಹುಳು ಬಿಟ್ಟರೆ ತಟ್ಟಿಗೆಲ್ಲ ಹರಡುತ್ತದೆ. ಈ ಮನುಷ್ಯ ಮಗಳ ಫೋನನ್ನು ತೆಗೆದು ಅದೇ ಬಕೆಟ್ಟಿಗೆ ಹಾಕಿದ್ದ. ಹಾಕಿ, ರೋಗದ ಹುಳುವನ್ನು ಬಿಡುವಂತೆ ಒಂದಿಡೀ ದಿನ ಅದರಲ್ಲೇ ಬಿಟ್ಟಿದ್ದ. ಆಮೇಲೆ ಗುಂಡಿ ತೋಡಿ ಹೂತಿದ್ದ.

"ಹರಡಬಾರ್ದು ಅಂತ ಮೇಡಂ" ಅಂದ.

ನನ್ನ ಪಿತ್ತ ನೆತ್ತಿಗೇರಿತು. "ಏನಪ್ಪಾ, ಅವನು ಆ ಫೋನೊಳಗೆ ಕೂತಿದ್ನಾ? ಸಾಯಿಸ್ಬಿಟ್ಯಾ ಅವನನ್ನ? ಅವನ ಹತ್ರ ಫೋಟೋ ಇದ್ದಂಗೇ ಐತೆ. ಅವನು ಬರೆದ ಒಂದೊಂದು ಮಾತೂ ಅದರಲ್ಲಿತ್ತು, ಅವನ ಕೈಗೆ ಕೋಳ ಹಾಕೋಕೆ ನನಗೆ ಬೇಕಾಗಿದ್ದೇ ಅದು. ನೀನು ಅವನಿಗೆ ಉಪಕಾರ ಮಾಡ್ದೆ!" ಅಪ್ಪ ಮಗಳಿಗೆ ಹೊಡೆದಿರಲಿಲ್ಲ, ಅದು ಅವಳ ಮುಖದಲ್ಲೇ ಗೊತ್ತಾಗುತ್ತಿತ್ತು. ತನಗೆ ಗೊತ್ತಿದ್ದ ಒಂದೇ ಔಷಧಿ ಹಾಕಿದ್ದ. ಅದು ಅರ್ಥವಾಗಿಯೂ ನನ್ನ ಸಿಟ್ಟು ಇಳಿಯಲಿಲ್ಲ.

ಅಷ್ಟು ಹೊತ್ತಿಗೆ ಅಜ್ಜಿ ಹೇಳಿಕಳಿಸಿದ್ದರಿಂದ ಊರ ಯಜಮಾನರು ಬಂದರು. ಹುಡುಗಿಗೆ ದೊಡ್ಡತಾತನ ವರಸೆ, ಇಸ್ತ್ರಿ ಮಾಡಿದ ಬಿಳಿ ಶರಟು. ನನ್ನನ್ನೂ ಅಪ್ಪನನ್ನೂ ಹೊರಗೆ ಚಪ್ಪರದ ಕೆಳಗೆ ಕರೆಸಿ ಕೂರಿಸಿ, ತಾವೂ ಕುರ್ಚಿ ಹಾಕಿಸಿಕೊಂಡು, "ಎಂದುಕಮ್ಮಾ ಇದಂತಾ?" ಎಂದು ತೆಲುಗಿನಲ್ಲಿ ಶುರು ಮಾಡಿದರು. ಯಾಕಮ್ಮ ಇದೆಲ್ಲ, ಮನೆಯೊಳಗಿನದು ಮನೆಯಲ್ಲೇ ಇರಲಿ, ಕಾಗದದ ಮೇಲೆ ಬರುವುದು ಬೇಡ ಎಂದರು. ಹುಡುಗಿಯನ್ನು ಹುಳ ಹಣ್ಣಾಗಿ ಗೂಡು ಕಟ್ಟಲು ಹತ್ತಿದ ಕೂಡಲೇ ನಿಜವಾಗಿಯೂ ಚಿಂತಾಮಣಿಗೆ ಕಳಿಸುವುದೆಂದು ಅವರು ಆಗಲೇ ತೀರ್ಮಾನ ಮಾಡಿಯಾಗಿತ್ತು. ಶಾಲೆ ಸಾಕು. ಅಲ್ಲಿ ಅತ್ತೆ ಮನೆ ಕೆಲಸ ಮಾಡಿಕೊಂಡಿರಲಿ, ಹದಿನೆಂಟು ತುಂಬಿದ ತಕ್ಷಣ ಯಾರಿಗಾದರೂ ಕೊಟ್ಟರಾಯಿತು.

"ಎಷ್ಟು ಸಲೀಸಾಗಿ ಹೇಳ್ತೀರಿ ಸ್ವಾಮಿ! ಅವನು ಆರಾಮಾಗಿರ್ತಾನೆ, ಇವಳಿಗೆ ಶಿಕ್ಷೆ."

"ಮಾನದ ಪ್ರಶ್ನೆಯಮ್ಮ. ಏನೇ ಆದ್ರೂ ಅವಳೇ ತಾನೇ ಕಳಿಸಿದ್ದು?"

ಹುಳದ ಮನೆಯ ಪರದೆಯ ಹಿಂದೆ ಸೊಪ್ಪು ಹಾಕುವ ಸದ್ದು ನಿಂತಿತು. ಅವಳಿಗೆ ಎಲ್ಲವೂ ಕೇಳಿಸುತ್ತಿತ್ತು.

ನಾನು ಎದ್ದು ನಿಂತೆ. "ನೋಡಿ ಯಜಮಾನ್ರೇ, ಮಾನ ಹೋಗಿದ್ರೆ ಅವನದ್ದು ಹೋಗೈತೆ, ಹುಡುಗಿದು ಒಂದು ಕೂದಲೂ ಹೋಗಿಲ್ಲ. ಇದರಲ್ಲಿ ರಾಜಿ ಅನ್ನೋದೇ ಇಲ್ಲ. ಈಗ ನಿಮಗೂ ವಿಷಯ ಗೊತ್ತಾಗೈತೆ. ಇನ್ನು ಮುಚ್ಚಿಡೋಕೆ ಹೋದ್ರೆ ನಿಮ್ಮನ್ನೂ ಠಾಣೆಗೆ ಕರೀಬೇಕಾಗುತ್ತೆ. ಆವಾಗ ಜೀಪ್ ತರ್ತೀನಿ, ಯೂನಿಫಾರ್ಮೂ ಹಾಕ್ಕೊಂಡ್ ಬರ್ತೀನಿ."

ಅವರು ಶಲ್ಯ ಕೊಡವಿದರು, ಹೋಗಲಿಲ್ಲ. ನನಗೂ ಒಳಗೊಳಗೇ ಭಯ ಇತ್ತು. ಅಪ್ಪ ಒಪ್ಪದಿದ್ದರೂ ಕೇಸು ಹಾಕಬಹುದು, ಹಾಕುತ್ತಲೂ ಇದ್ದೆ. ಆದರೆ ಅಪ್ಪ ಎದುರು ನಿಂತರೆ ನಾಳೆ ಹುಡುಗಿ ಚಿಂತಾಮಣಿ ಬಸ್ಸಿನಲ್ಲಿರುತ್ತಾಳೆ, ಕೋರ್ಟಿನಲ್ಲಿ ಬಾಯಿ ತೆರೆಯುವುದಿಲ್ಲ, ಕೊಕ್ಕೋ ಆಡುವುದಿಲ್ಲ, ಪುಸ್ತಕ ಮುಟ್ಟುವುದಿಲ್ಲ. ಎಲ್ಲವೂ ಆ ಕುಡುಗೋಲು ಹಿಡಿದ ಮನುಷ್ಯನ ಮೇಲೆ ನಿಂತಿತ್ತು. ಅವನು ನೆಲ ನೋಡುತ್ತಿದ್ದ.

ಆಗ ಅವನ ಜೇಬಿನಲ್ಲಿ ಫೋನು ಟಿಣ್ ಅಂದಿತು. ತೆಗೆದು ನೋಡಿದ, ಮುಖ ಕಪ್ಪಿಟ್ಟಿತು. ಹೆಬ್ಬೆರಳು ಮೆಸೇಜಿನ ಮೇಲೆ ಒತ್ತಿ ಹಿಡಿಯಿತು. ಅಳಿಸಲು ಹೊರಟಿದ್ದಾನೆ ಅಂತ ನನಗೆ ಹೊಳೆಯಿತು. ಹಾರಿ ಅವನ ಮಣಿಕಟ್ಟು ಹಿಡಿದೆ. ಹೆಂಗಸು ಕೈ ಹಿಡಿದಳಲ್ಲ ಎಂದು ಯಜಮಾನರು ಕುರ್ಚಿಯಿಂದ ಅರ್ಧ ಎದ್ದರು.

"ಅಳಿಸ್ಬೇಡ. ಉತ್ತರಾನೂ ಕೊಡ್ಬೇಡ. ಓದು, ಜೋರಾಗಿ ಓದು."

ಅವನು ಓದಲಿಲ್ಲ, ನನ್ನ ಕೈಗೆ ಕೊಟ್ಟ. ನಾನೂ ಜೋರಾಗಿ ಓದಲಿಲ್ಲ. ಮೆಸೇಜು ಕಳಿಸಿದ್ದು ಫೋಟೋ ಕೇಳಿದ ಅವನೇ. ಅಪ್ಪನ ನಂಬರನ್ನು ಹಿಂದೊಮ್ಮೆ ಹುಡುಗಿಯಿಂದಲೇ ತಿಳಿದುಕೊಂಡಿದ್ದನಂತೆ. ಮಗಳ ಫೋನ್ ಯಾಕೆ ಆಫ್ ಆಗಿದೆ, ಅವಳಿಗೆ ಆನ್‌ಲೈನ್ ಬರೋಕೆ ಹೇಳು, ಸಂಜೆಯೊಳಗೆ ಬರದಿದ್ದರೆ ಊರಿಗೆಲ್ಲ ಹಂಚುತ್ತೇನೆ ಎಂದು ಬರೆದಿದ್ದ.

ಅಪ್ಪ ಕುಡುಗೋಲನ್ನು ನೆಲಕ್ಕೆ ಹಾಕಿದ. ಆಮೇಲೆ ಯಜಮಾನರ ಕಡೆ ತಿರುಗಿ, "ದೊಡ್ಡಪ್ಪ, ನನ್ನ ಮಗಳನ್ನ ಕಳಿಸು ಅಂತ ನನಗೇ ಹೇಳ್ತಾವ್ನೆ" ಅಂದ. "ನನಗೇ ಹೇಳ್ತಾವ್ನೆ! ಚಿಂತಾಮಣಿಗೆ ಕಳಿಸಿದ್ರೆ ಅಲ್ಲಿಗೂ ಬರ್ತಾನೆ. ಬರ್ಕೊಳ್ಳಿ ಮೇಡಂ. ಏನೇನು ಬೇಕೋ ಎಲ್ಲಾ ಬರ್ಕೊಳ್ಳಿ."

ಯಜಮಾನರು ಆ ದಿನ ಮನೆಯಲ್ಲಿ ನೀರೂ ಕುಡಿಯದೆ ಎದ್ದು ಹೋದರು. ಹೋಗಲಿ ಬಿಡಿ.

ಹೇಳಿಕೆಯನ್ನು ಹುಳದ ಮನೆಯಲ್ಲೇ ಬರೆದುಕೊಂಡೆ. ಅವಳಿಗೆ ಧೈರ್ಯ ಇದ್ದದ್ದು ಅಲ್ಲಿ. ಬೋರಲು ಹಾಕಿದ ಬುಟ್ಟಿಯ ಮೇಲೆ ಕೂತು, ಅಮ್ಮನನ್ನು ಅವಳ ಪಕ್ಕದಲ್ಲೇ ಕೂರಿಸಿಕೊಂಡು ಬರೆದೆ. ಅವಳು ಆಡಿದ ಮಾತನ್ನು ಅವಳ ಮಾತಿನಲ್ಲೇ ಬರೆದೆ, ನಮ್ಮ ಠಾಣೆಯ ಭಾಷೆಗೆ ತಿರುಗಿಸಲಿಲ್ಲ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಲಿಲ್ಲ. ಯಾಕೆ ಕಳಿಸಿದೆ ಎಂಬ ಪ್ರಶ್ನೆಯನ್ನು ನಾನು ಕೇಳಲೇ ಇಲ್ಲ. ಅದಕ್ಕೆ ಉತ್ತರ ಕೊಡಬೇಕಾದವನು ಬೇರೆ. ಒಂದು ಹುಳು ನನ್ನ ಮುಂಗೈ ಹತ್ತಿತು. ಕಿರುಚಲಿಲ್ಲ, ಅದಕ್ಕೆ ನನಗೇನೂ ಪದಕ ಕೊಡಲಿಲ್ಲ.

ಅಪ್ಪನ ಫೋನಿನಲ್ಲಿದ್ದ ಆ ಒಂದು ಮೆಸೇಜು ಸಾಕಾಯಿತು. ಚಿಕ್ಕಬಳ್ಳಾಪುರದಲ್ಲಿ ಸೈಬರ್ ಕೆಲಸ ನೋಡುವ ನಮ್ಮ ಸಹೋದ್ಯೋಗಿ ಅದೇ ದಿನ ಇನ್‌ಸ್ಟಾ ಕಂಪನಿಗೆ ಬರೆದು, ಆ ಅಕೌಂಟಿನ ಮಾಹಿತಿ ಅಳಿಸಿಹೋಗದ ಹಾಗೆ ಹಿಡಿದಿಟ್ಟರು. ಹುಡುಗಿಯ ಚಿತ್ರಗಳು ಇಂಟರ್ನೆಟ್ಟಿನಲ್ಲಿ ಎಲ್ಲೂ ಏರದಂತೆ, ಏರಿದರೂ ಇಳಿಸುವಂತೆ ಮಾಡಿದರು. ನಂಬರಿನ ಜಾಡು ಸಿಕ್ಕಿದ ಬೆಳಿಗ್ಗೆ ಗೌರಿಬಿದನೂರಿನಲ್ಲಿ ಒಂದು ಬಾಡಿಗೆ ಮನೆಯ ಬಾಗಿಲು ಬಡಿದೆವು. ಕೊಕ್ಕೋ ಟೀಮಿನ ಹುಡುಗಿ ಬಾಗಿಲು ತೆರೆದಳು. ಲುಂಗಿ ಉಟ್ಟು, ಹೊಟ್ಟೆ ಬಿಟ್ಟುಕೊಂಡು, ಬಾಯಲ್ಲಿ ಟೂತ್‌ಬ್ರಷ್ ಇಟ್ಟುಕೊಂಡಿದ್ದ ಗಂಡಸು. ಒಳಗೆ ಹೆಂಡತಿ ಮಗುವಿಗೆ ತಲೆ ಬಾಚುತ್ತಿದ್ದರು.

ಮೊದಲು ನಾನವನಲ್ಲ ಅಂದ. ಫೋನು ವಶಕ್ಕೆ ತೆಗೆದುಕೊಂಡ ಮೇಲೆ, "ಅವಳೇ ಕಳಿಸಿದ್ದು ಮೇಡಂ, ನಾನೇನು ಬಲವಂತ ಮಾಡಿದ್ನಾ?" ಅಂದ.

ಚಪ್ಪರದ ಕೆಳಗೆ ಕೇಳಿದ ಮಾತೇ ಅದು! ಒಬ್ಬರು ಬಿಳಿ ಶರಟು, ಒಬ್ಬ ಲುಂಗಿ, ಮಾತು ಒಂದೇ. ನನ್ನ ಕೈ ತುರಿಸಿತು. ಎತ್ತಲಿಲ್ಲ, ಎತ್ತಿದ್ದರೆ ವಕೀಲರ ಬಾಯಿಗೆ ನಾನೇ ತುತ್ತು ಇಟ್ಟಂತೆ. ಬಾಯಿಗೆ ಮಾತ್ರ ರಜೆ ಕೊಡಲಿಲ್ಲ. ಆ ವಠಾರದವರು ಪೊಲೀಸರ ಬಾಯಲ್ಲಿ ಅಷ್ಟು ಬೈಗುಳ ಕೇಳಿರಲಿಕ್ಕಿಲ್ಲ. ಅವನ ಫೋನಿನಲ್ಲಿ ಬೇರೆ ಮಕ್ಕಳೂ ಇದ್ದರು. ಅವರ ಮನೆಗಳಿಗೂ ಮಫ್ತಿಯಲ್ಲಿ ಹೋದೆವು. ಕೆಲವರು ಕೂರಿಸಿ ಅತ್ತರು, ಕೆಲವರು ನಮ್ಮ ಮಗು ಅಲ್ಲ ಎಂದು ಬಾಗಿಲು ಹಾಕಿಕೊಂಡರು. ಬಾಗಿಲು ಹಾಕಿದವರ ಮನೆಗೆ ನಾನು ಮತ್ತೆ ಹೋದೆ.

ಗೂಡು ಮಾರಿದ ಮೇಲೆ ಹುಡುಗಿ ಶಾಲೆಗೆ ಬಂದಳು. ಅಪ್ಪನೇ ಬೈಕಿನಲ್ಲಿ ಬಿಟ್ಟು ಹೋದ. ಗಣಿತದ ಮೇಡಂ ಅವಳನ್ನು ಹಳೆಯ ಜಾಗದಲ್ಲೇ ಕೂರಿಸಿದರು, ಆದರೆ ಬೆಂಚಿನ ಜೊತೆಗಾತಿ ಎದ್ದು ಹಿಂದಕ್ಕೆ ಹೋದಳು. ಅವರಮ್ಮ ಹೇಳಿದ್ದರಂತೆ, ಅವಳ ಪಕ್ಕ ಕೂರಬೇಡ ಅಂತ. ಇದನ್ನು ಕೇಳಿ ನನಗೆ ಎಷ್ಟು ಸಿಟ್ಟು ಬಂತೆಂದರೆ, ಆ ಅಮ್ಮನ ಮೇಲೆ ಹಾಕಲು ಯಾವ ಸೆಕ್ಷನ್ ಇದೆ ಅಂತ ನಿಜವಾಗಿಯೂ ಯೋಚಿಸಿದೆ. ಯಾವುದೂ ಇಲ್ಲ. ಗೌರಿಬಿದನೂರಿನವನನ್ನು ಒಳಗೆ ಹಾಕಿದ್ದಾಯಿತು, ಊರಿನ ನಾಲಗೆಯನ್ನು ಹಾಕಲು ಲಾಕಪ್ಪು ಎಲ್ಲಿದೆ? ಹುಡುಗಿ ಒಬ್ಬಳೇ ಬೆಂಚಿನಲ್ಲಿ ಕೂತಳು. ಮಳೆಗಾಲವೆಲ್ಲ ಹಾಗೆಯೇ ಕೂತಳು. ಒಂದು ದಿನವೂ ಶಾಲೆ ತಪ್ಪಿಸಲಿಲ್ಲ ಎಂದು ಮೇಡಂ ಹೇಳುತ್ತಿದ್ದರು.

ದಸರಾ ರಜೆ ಮುಗಿದಿತ್ತು. ಒಂದು ಮಧ್ಯಾಹ್ನ ಠಾಣೆಯ ಗೇಟಿನಲ್ಲಿ ಇಬ್ಬರು ಹುಡುಗಿಯರು ಕಾಣಿಸಿದರು, ಶಾಲೆಯ ಯೂನಿಫಾರ್ಮಿನಲ್ಲಿ. ಸೆಂಟ್ರಿ ಯಾರು ಬೇಕಮ್ಮ ಎಂದು ಕೇಳಿದ. "ನಮ್ ಮೇಡಂ" ಎಂದು ಮುಂದಿನವಳು ಹೇಳಿ, ತಡೆಯುವ ಮೊದಲೇ ನಡೆದು ಬಂದಳು. ಅವಳೇ. ಹಿಂದಿನವಳ ಕೈಯನ್ನು ಬಿಗಿಯಾಗಿ ಹಿಡಿದು ಎಳೆದುಕೊಂಡು ಬರುತ್ತಿದ್ದಳು. ನಾನು ಇಬ್ಬರನ್ನೂ ಒಳಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಚ್ಚಿದೆ.

"ಇವಳು ನನ್ ಬೆಂಚಿನೋಳು" ಅಂದಳು.

ಎದ್ದು ಹಿಂದಕ್ಕೆ ಹೋಗಿದ್ದವಳು. ಗೌರಿಬಿದನೂರಿನವನಲ್ಲ, ಇನ್ಯಾರೋ ಆನ್‌ಲೈನ್‌ನಲ್ಲಿ ಪರಿಚಯ ಆದವನು ದಿನಾ ಹೆದರಿಸುತ್ತಿದ್ದಾನೆ, ಮನೆಯಲ್ಲಿ ಹೇಳಿದರೆ ಸಾಯಿಸಿಬಿಡುತ್ತಾರೆ ಎಂದು ಬಿಕ್ಕಿದಳು. ಆಮೇಲೆ ಮುಖ ಮುಚ್ಚಿಕೊಂಡು, "ತಪ್ಪು ನಂದೇ ಮೇಡಂ, ನಾನೇ ಕಳಿಸಿದ್ದು" ಅಂದಳು.

ನಾನು ಬಾಯಿ ತೆರೆಯುವ ಮೊದಲೇ ನಮ್ಮ ಹುಡುಗಿ ಅವಳ ಮುಖದಿಂದ ಕೈ ಎಳೆದಳು.

"ಥೂ, ಆ ಮಾತು ಆಡ್ಬೇಡ ಕಣೇ. ಕೇಳಿದ್ದು ಅವನು. ಹೆದರಿಸಿದ್ದು ಅವನು. ನೀನ್ಯಾಕೆ ಮುಖ ಮುಚ್ಕೊತೀಯಾ?" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಬರ್ಕೊಳ್ಳಿ ಮೇಡಂ. ಇವಳು ಹೇಳ್ತಾಳೆ. ಮುಗಿಯೋ ತನಕ ನಾನು ಪಕ್ಕದಲ್ಲೇ ಕೂತಿರ್ತೀನಿ."